ಉತಾರದ ಕಿಟಕಿ, ಸರ್ವರ್‌ನ ಮೆಮೊರಿ

ದಟ್ಟಣೆಯ ಡೇಟಾಬೇಸ್ ಸರ್ವರ್‌ನಲ್ಲಿ ಮೆಮೊರಿ ಮುಖ್ಯವಾಗಿ ಎರಡು ಬಾಬತ್ತಿಗೆ ಖರ್ಚಾಗುತ್ತದೆ. ಡಿಸ್ಕಿನಲ್ಲಿರುವ ದಾಖಲೆಗಳ ಪೈಕಿ ಪದೇ ಪದೇ ಬೇಕಾಗುವವನ್ನು ಹತ್ತಿರ ಇಟ್ಟುಕೊಳ್ಳುವುದು ಒಂದು ಬಾಬತ್ತು. ಆ ಹೊತ್ತಿಗೆ ಸಂಪರ್ಕದಲ್ಲಿರುವ ಒಬ್ಬೊಬ್ಬರ ಕೆಲಸಕ್ಕೆ ಬೇಕಾದ ಜಾಗ ಇನ್ನೊಂದು. ಮೊದಲನೆಯದು ಮುಂಚೆಯೇ ನಿಗದಿ ಮಾಡಬಹುದಾದ ಮೊತ್ತ. ಎರಡನೆಯದು ಜನ ಹೆಚ್ಚಿದಂತೆಲ್ಲ ಹಿಗ್ಗುತ್ತ ಹೋಗುತ್ತದೆ. ಮೊದಲನೆಯದಕ್ಕೆ ಧಾರಾಳವಾಗಿ ಕೊಟ್ಟು ಎರಡನೆಯದನ್ನು ಲೆಕ್ಕಕ್ಕೇ ಹಿಡಿಯದ ಸರ್ವರ್ ಸಾಮಾನ್ಯ ದಿನಗಳಲ್ಲಿ ಚೆನ್ನಾಗಿಯೇ ಓಡುತ್ತದೆ, ನೂಕುನುಗ್ಗಲಿನ ದಿನ ಮಲಗುತ್ತದೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಇಂಥ ದಟ್ಟಣೆಯನ್ನು ಜನ ಕಣ್ಣಾರೆ ಕಾಣುವುದು ಉತಾರ ಕೊಡುವ ಕಿಟಕಿಯಲ್ಲಿ. ಹಳೆ ಮೈಸೂರಿನವರು ಪಹಣಿ ಎನ್ನುವ ದಾಖಲೆಯೇ ಇಲ್ಲಿಯವರ ಉತಾರ. ಕರ್ನಾಟಕದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ತಲಾಠಿಯ ಕೈಬರಹದ ಉತಾರವನ್ನು ಕಂಪ್ಯೂಟರಿಗೆ ಏರಿಸಿತು. 177 ತಾಲೂಕುಗಳ ಸುಮಾರು 2 ಕೋಟಿ ದಾಖಲೆಗಳು, 67 ಲಕ್ಷ ರೈತರ ಹೆಸರುಗಳು ಅದರೊಳಗೆ ಬಂದವು. ತಂತ್ರಾಂಶವನ್ನು ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ; ಕಂದಾಯ ಇಲಾಖೆಯಿಂದ ಅದನ್ನು ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಮೊದಲ ವರ್ಷಗಳಲ್ಲಿ ಒಂದು ಪ್ರತಿಗೆ 15 ರೂಪಾಯಿ ಶುಲ್ಕವಿತ್ತು. ಉತಾರ ಇಂದು ಬೆಳೆಸಾಲಕ್ಕೆ, ಬೆಳೆ ವಿಮೆಗೆ, ಪರಿಹಾರಕ್ಕೆ, ಖರೀದಿಗೆ, ವಾಟ್ನಿಗೆ, ಕೋರ್ಟು ವ್ಯಾಜ್ಯಕ್ಕೆ ಬೇಕಾದ ಕಾಗದ. ಹಾಗಾಗಿ ಅದರ ಡೇಟಾಬೇಸು ಮೆಮೊರಿ ನಿರ್ವಹಣೆಯ ಹೆಚ್ಚುಕಡಿಮೆ ಎಲ್ಲ ಸಮಸ್ಯೆಗಳನ್ನೂ ಒಂದೇ ಕಡೆ ತೋರಿಸಬಲ್ಲ ಉದಾಹರಣೆ.

ಭೂಮಿಯ ಮೊದಲ ರೂಪದಲ್ಲಿ ತಾಲೂಕು ಕಚೇರಿಗೊಂದು ಸರ್ವರ್ ಇತ್ತು. ವಿಂಡೋಸ್ ಎನ್‌ಟಿ 4.0, ಅದರ ಮೇಲೆ ಎಸ್‌ಕ್ಯೂಎಲ್ ಸರ್ವರ್ 7.0, ಮುಂದಿನ ಪರದೆಗೆ ವಿಷುವಲ್ ಬೇಸಿಕ್, ಕನ್ನಡಕ್ಕೆ ಸಿ-ಡ್ಯಾಕ್‌ನ ಜಿಸ್ಟ್ ತಂತ್ರಾಂಶ. ಬೈಲಹೊಂಗಲದ ಸರ್ವರಿಗೆ ಬೈಲಹೊಂಗಲದ ದಾಖಲೆಗಳಷ್ಟೇ ಗೊತ್ತು, ರಾಮದುರ್ಗದ್ದಕ್ಕೆ ರಾಮದುರ್ಗದವಷ್ಟೇ. ಎರಡು ಕೋಟಿಯನ್ನು 177ರಿಂದ ಭಾಗಿಸಿದರೆ ತಾಲೂಕಿಗೆ ಸರಾಸರಿ ಒಂದು ಲಕ್ಷದ ಹದಿಮೂರು ಸಾವಿರ ದಾಖಲೆ. ಒಂದು ಉತಾರಕ್ಕೆ ಸೇರಿದ ಸರ್ವೆ ನಂಬರು, ಹಿಸ್ಸಾ, ಕ್ಷೇತ್ರ, ಆಕಾರ, ಸ್ವಾಧೀನದಾರರ ಹೆಸರು, ಋಣ, ಬೆಳೆ ಎಲ್ಲ ಸೇರಿ 4 ಕಿಲೋಬೈಟ್ ಎಂದು ಅಂದಾಜಿಗೆ ಹಿಡಿದರೂ ಇಡೀ ತಾಲೂಕು 450 ಮೆಗಾಬೈಟಿನಲ್ಲಿ ಮುಗಿಯುತ್ತದೆ. ಆ ಕಾಲದ ಸಣ್ಣ ಸರ್ವರ್‌ಗಳ ಮೆಮೊರಿಯೂ ನೂರಾರು ಮೆಗಾಬೈಟಿನ ಲೆಕ್ಕದಲ್ಲೇ ಇತ್ತು. ಕಿಟಕಿಯಲ್ಲಿ ಕೆಲಸ ಮಾಡುವ ಕಂಪ್ಯೂಟರುಗಳೂ ಬೆರಳೆಣಿಕೆಯವು. ಮೆಮೊರಿ ಸಾಲದು ಎಂಬ ಮಾತು ಏಳುವ ಸಂದರ್ಭವೇ ಕಡಿಮೆ.

ಎಸ್‌ಕ್ಯೂಎಲ್ ಸರ್ವರ್ 7.0 ಈ ವಿಷಯದಲ್ಲಿ ಒಂದು ತಿರುವು. ಅದಕ್ಕಿಂತ ಹಿಂದಿನ 6.5ರಲ್ಲಿ ಎಷ್ಟು ಮೆಮೊರಿ ಎಂಬುದನ್ನು ಆಡಳಿತಗಾರನೇ ಅಂಕಿಯಲ್ಲಿ ಬರೆದಿಡಬೇಕಿತ್ತು. 7.0 ತಾನಾಗಿ ಹಿಗ್ಗಿ ಕುಗ್ಗುವುದನ್ನು ಕಲಿಯಿತು. ಡಿಸ್ಕಿಗೂ ಮೆಮೊರಿಗೂ ನಡುವೆ ಒಂದು ಸಲಕ್ಕೆ ಓಡಾಡುವ ತುಂಡಿಗೆ ಪುಟ ಎನ್ನುತ್ತಾರೆ; ಅದರ ಅಳತೆಯೂ 2 ಕಿಲೋಬೈಟಿನಿಂದ 8ಕ್ಕೆ ಏರಿತು. 8 ಕಿಲೋಬೈಟಿನ ಆ ಪುಟ ಅಲ್ಲಿ ಇಂದಿಗೂ ಹಾಗೆಯೇ ಉಳಿದಿದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶದಲ್ಲೂ ಅದೇ ಅಳತೆ, ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿಯಲ್ಲಿ 16. ಇನ್ನೊಂದು ಮಿತಿ ಮಾತ್ರ ಯಂತ್ರದ್ದು: 32 ಬಿಟ್ಟಿನ ವಿಳಾಸಕ್ಕೆ 4 ಗಿಗಾಬೈಟಿಗಿಂತ ಆಚೆ ಕಾಣುವುದಿಲ್ಲ, ಅದರಲ್ಲೂ ವಿಂಡೋಸ್ ಸಾಮಾನ್ಯವಾಗಿ ಅರ್ಧವನ್ನು ತನಗಿಟ್ಟುಕೊಳ್ಳುತ್ತಿತ್ತು. 64 ಬಿಟ್ ಬಂದ ಮೇಲೆ ಈ ಮಿತಿ ಇತಿಹಾಸಕ್ಕೆ ಸೇರಿತು.

ಪುಟವನ್ನು ಡಿಸ್ಕಿನಿಂದ ತಂದು ಇಡುವ ಜಾಗಕ್ಕೆ ಬಫರ್ ಪೂಲ್ ಎಂದು ಹೆಸರು. ತಾಲೂಕು ಕಚೇರಿಯ ಅಭಿಲೇಖಾಲಯವನ್ನು ಕಂಡವರಿಗೆ ಇದರ ರೀತಿ ಹೊಸದೇನಲ್ಲ: ಕಪಾಟುಗಳಲ್ಲಿ ಸಾವಿರಾರು ಕಟ್ಟುಗಳು, ಗುಮಾಸ್ತರ ಮೇಜಿನ ಮೇಲೆ ಇಂದು ಕೇಳಿಕೆ ಬಂದ ಹತ್ತೆಂಟು ಕಟ್ಟುಗಳು. ಮೇಜು ತುಂಬಿದಾಗ ಯಾವುದನ್ನು ವಾಪಸು ಕಳಿಸಬೇಕು ಎಂಬುದೇ ಪ್ರಶ್ನೆ. ಬಹಳ ಹೊತ್ತಿನಿಂದ ಮುಟ್ಟದ್ದನ್ನು ಕಳಿಸು ಎಂಬುದು ಹಳೆಯ ನಿಯಮ. ಪೀಟರ್ ಡೆನ್ನಿಂಗ್ 1968ರಲ್ಲಿ ಇದಕ್ಕೊಂದು ತಾತ್ವಿಕ ಚೌಕಟ್ಟು ಕೊಟ್ಟ. ಯಾವುದೇ ಕೆಲಸ ಒಂದು ಅವಧಿಯಲ್ಲಿ ಮುಟ್ಟುವ ಪುಟಗಳದ್ದು ಒಂದು ಸೀಮಿತ ಗುಂಪು. ಆ ಗುಂಪು ಮೆಮೊರಿಯಲ್ಲಿ ಹಿಡಿಸಿದರೆ ಕೆಲಸ ಸಲೀಸು, ಹಿಡಿಸದಿದ್ದರೆ ಯಂತ್ರ ಪುಟಗಳನ್ನು ತರುವುದು, ಒಯ್ಯುವುದು ಇಷ್ಟರಲ್ಲೇ ದಿನ ಕಳೆಯುತ್ತದೆ. ಜಿಮ್ ಗ್ರೇ ಮತ್ತು ಜಾನ್‌ಫ್ರಾಂಕೊ ಪುಟ್ಸೊಲು 1987ರಲ್ಲಿ ಇದನ್ನೇ ದುಡ್ಡಿನ ಲೆಕ್ಕಕ್ಕೆ ತಂದರು. ಅಂದಿನ ಬೆಲೆಗಳಲ್ಲಿ, ಐದು ನಿಮಿಷದೊಳಗೆ ಮತ್ತೆ ಬೇಕಾಗುವ ಪುಟವನ್ನು ಮೆಮೊರಿಯಲ್ಲೇ ಇಡುವುದು ಅಗ್ಗ, ಅದಕ್ಕಿಂತ ತಡವಾಗಿ ಬೇಕಾಗುವುದನ್ನು ಡಿಸ್ಕಿನಿಂದ ತರುವುದು ಅಗ್ಗ.

ಉತಾರದ ಡೇಟಾಬೇಸಿನಲ್ಲಿ ಬೇಡಿಕೆ ಸಮನಾಗಿ ಹರಡಿರುವುದಿಲ್ಲ. ಮುಂಗಾರು ಬಿತ್ತನೆಗೆ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ಕೊಡುವಾಗ, ಸೊಸೈಟಿಗಳು ಸಾಲ ನವೀಕರಿಸುವಾಗ ಒಂದೊಂದು ಊರಿನ ದಾಖಲೆಗಳು ಒಟ್ಟಾಗಿ ಕೇಳಿಬರುತ್ತವೆ. ಮಲಪ್ರಭಾ ದಂಡೆಯ ಊರುಗಳಿಗೆ ನೆರೆ ಬಂದರೆ ಆ ಊರುಗಳ ಪ್ರತಿಯೊಂದು ಸರ್ವೆ ನಂಬರೂ ಒಂದೇ ವಾರದಲ್ಲಿ ತೆರೆಯಬೇಕಾಗುತ್ತದೆ. ಹೀಗಾಗಿ ಒಟ್ಟು ದಾಖಲೆ ಎಷ್ಟೇ ದೊಡ್ಡದಿದ್ದರೂ ಒಂದು ದಿನ ಬೇಕಾಗುವ ಪಾಲು ಸಣ್ಣದೇ. ದಾಖಲೆಗಳನ್ನು ಹೋಬಳಿ, ಊರು, ಸರ್ವೆ ನಂಬರಿನ ಕ್ರಮದಲ್ಲಿ ಡಿಸ್ಕಿನ ಮೇಲೆ ಜೋಡಿಸಿದ್ದರೆ ಒಂದು ಪುಟ ತಂದಾಗ ಅಕ್ಕಪಕ್ಕದ ಹೊಲಗಳೂ ಅದರೊಂದಿಗೇ ಬರುತ್ತವೆ. ನೋಂದಣಿಯಾದ ದಿನಾಂಕದ ಕ್ರಮದಲ್ಲಿ ಜೋಡಿಸಿದ್ದರೆ ಪ್ರತಿ ಹೊಲಕ್ಕೂ ಬೇರೆ ಬೇರೆ ಪುಟ. ಬೇಡಿಕೆ ಅಷ್ಟೇ ಇದ್ದರೂ ಎರಡನೆಯ ಜೋಡಣೆಗೆ ಹಲವು ಪಟ್ಟು ಮೆಮೊರಿ ಬೇಕು.

ಬೇಕಾದ ಪುಟ ಮೆಮೊರಿಯಲ್ಲೇ ಸಿಕ್ಕುವ ಪ್ರಮಾಣವನ್ನು ಶೇಕಡಾವಾರು ಹೇಳುವುದು ರೂಢಿ. ಈ ಶೇಕಡಾ ಕಣ್ಣಿಗೆ ಮೋಸ ಮಾಡುತ್ತದೆ. ಒಂದು ಕ್ವೆರಿ, ಎಂದರೆ ಡೇಟಾಬೇಸಿಗೆ ಹಾಕುವ ಒಂದು ಪ್ರಶ್ನೆ, 100 ಪುಟ ಓದುತ್ತದೆ ಎಂದುಕೊಂಡರೆ, ಶೇ. 99 ಇದ್ದಾಗ ಒಂದು ಸಲ ಡಿಸ್ಕಿಗೆ ಹೋಗಬೇಕು, ಶೇ. 95 ಇದ್ದಾಗ ಐದು ಸಲ. ತಿರುಗುವ ಡಿಸ್ಕಿನಲ್ಲಿ ಒಂದು ಓದಿಗೆ 10 ಮಿಲಿಸೆಕೆಂಡ್ ಹಿಡಿದರೆ 10 ಮಿಲಿಸೆಕೆಂಡಿನ ಕೆಲಸ 50ಕ್ಕೆ ಏರಿತು. ನಾಲ್ಕು ಅಂಶದ ಇಳಿಕೆಗೆ ಐದು ಪಟ್ಟು ತಡ. ಎಸ್‌ಎಸ್‌ಡಿಯಲ್ಲಿ ಓದು ಸುಮಾರು ನೂರು ಪಟ್ಟು ವೇಗವಾದ್ದರಿಂದ ಈ ಪೆಟ್ಟು ಮೆತ್ತಗಾಗಿದೆ. ಆದರೂ ಮೆಮೊರಿಗೂ ಎಸ್‌ಎಸ್‌ಡಿಗೂ ನಡುವೆ ಇನ್ನೂ ಸಾವಿರ ಪಟ್ಟಿನ ಅಂತರವಿದೆ.

ಮುಟ್ಟದ್ದನ್ನು ಕಳಿಸು ಎಂಬ ನಿಯಮಕ್ಕೆ ಒಂದು ದೊಡ್ಡ ದೌರ್ಬಲ್ಯ. ಯಾರೋ ಒಬ್ಬರು ಜಿಲ್ಲೆಯ ಎಲ್ಲ ಉತಾರಗಳನ್ನೂ ಮೊದಲಿಂದ ಕೊನೆಯವರೆಗೆ ಓದುವ ವರದಿಯನ್ನು ನಡುಮಧ್ಯಾಹ್ನ ಓಡಿಸಿದರೆ, ಮತ್ತೆಂದೂ ಬೇಡದ ಲಕ್ಷಾಂತರ ಪುಟಗಳು ಒಳಬಂದು ಕಿಟಕಿಯ ಜನಕ್ಕೆ ಬೇಕಾದವನ್ನು ಹೊರದೂಡುತ್ತವೆ. ಇದಕ್ಕೆ ಒಂದೊಂದು ತಂತ್ರಾಂಶ ಒಂದೊಂದು ಉಪಾಯ ಕಂಡುಕೊಂಡಿದೆ. ಇನ್ನೊಡಿಬಿ ತನ್ನ ಪಟ್ಟಿಯನ್ನು ಎರಡು ಭಾಗ ಮಾಡಿ ಹೊಸದಾಗಿ ಬಂದ ಪುಟವನ್ನು ಕೆಳಗಿನ ಎಂಟರಲ್ಲಿ ಮೂರು ಪಾಲಿನ ತಲೆಗೆ ಸೇರಿಸುತ್ತದೆ. ಒಂದು ಸೆಕೆಂಡ್ ಕಳೆದ ಮೇಲೂ ಯಾರಾದರೂ ಕೇಳಿದರೆ ಮಾತ್ರ ಅದಕ್ಕೆ ಮೇಲಿನ ಭಾಗಕ್ಕೆ ಬಡ್ತಿ. ಪೋಸ್ಟ್‌ಗ್ರೆಸ್‌ನಲ್ಲಿ ಬಫರಿನ ಕಾಲುಭಾಗಕ್ಕಿಂತ ದೊಡ್ಡ ಕೋಷ್ಟಕವನ್ನು ಪೂರ್ತಿ ಓದುವವನಿಗೆ 256 ಕಿಲೋಬೈಟಿನ ಒಂದು ಸಣ್ಣ ಬಳೆಯನ್ನು ಕೊಡಲಾಗುತ್ತದೆ. ಅವನು ಅದರೊಳಗೇ ಸುತ್ತಬೇಕು. ಉಪಾಯಗಳು ಒಳ್ಳೆಯವೇ. ವರದಿಗೆ ಬೇರೊಂದು ನಕಲು ಸರ್ವರ್ ಇಟ್ಟು, ಕಿಟಕಿಯ ಸರ್ವರನ್ನು ಕಿಟಕಿಗಷ್ಟೇ ಬಿಡುವುದು ಅವುಗಳಿಗಿಂತ ಒಳ್ಳೆಯದು.

ಈ ಪೂಲ್‌ಗೆ ಎಷ್ಟು ಕೊಡಬೇಕು ಎಂಬುದಕ್ಕೆ ಪ್ರಚಲಿತ ಸೂತ್ರಗಳು ಒಂದಕ್ಕೊಂದು ತಾಳೆಯಾಗದಂತೆ ಕಾಣುತ್ತವೆ. ಮೈಎಸ್‌ಕ್ಯೂಎಲ್‌ಗೇ ಮೀಸಲಾದ ಯಂತ್ರದಲ್ಲಿ ಶೇ. 80ರವರೆಗೆ ಎನ್ನುತ್ತದೆ ಅದರ ಕೈಪಿಡಿ; ಪೋಸ್ಟ್‌ಗ್ರೆಸ್‌ನದು ಶೇ. 25ರಿಂದ ಶುರು ಮಾಡಿ, 40 ದಾಟಿದರೆ ಹೆಚ್ಚು ಉಪಯೋಗವಿಲ್ಲ ಎನ್ನುತ್ತದೆ. ವ್ಯತ್ಯಾಸಕ್ಕೆ ಕಾರಣ ಆಪರೇಟಿಂಗ್ ಸಿಸ್ಟಮ್. ಪೋಸ್ಟ್‌ಗ್ರೆಸ್ ಕಡತಗಳನ್ನು ಲಿನಕ್ಸ್‌ನ ಮೂಲಕವೇ ಓದುವುದರಿಂದ ಅದೇ ಪುಟ ಲಿನಕ್ಸ್‌ನ ಸಂಗ್ರಹದಲ್ಲೂ ಕೂತಿರುತ್ತದೆ. ಉಳಿದ ಮೆಮೊರಿ ವ್ಯರ್ಥವಲ್ಲ. ಇನ್ನೊಡಿಬಿಯನ್ನು ಸಾಮಾನ್ಯವಾಗಿ ಲಿನಕ್ಸ್‌ನ ಸಂಗ್ರಹ ದಾಟಿ ನೇರ ಡಿಸ್ಕಿಗೆ ಹೋಗುವಂತೆ ಹೊಂದಿಸುತ್ತಾರೆ. ಎರಡರಲ್ಲೂ ತಂತ್ರಾಂಶ ಹೊಸದಾಗಿ ಹಾಕಿದಾಗ ಇರುವ ಅಳತೆ 128 ಮೆಗಾಬೈಟ್ ಮಾತ್ರ. ಎಸ್‌ಕ್ಯೂಎಲ್ ಸರ್ವರ್‌ನ ಗರಿಷ್ಠ ಮಿತಿಯ ಮೂಲ ಅಂಕಿ 2147483647 ಮೆಗಾಬೈಟ್, ಎಂದರೆ ಮಿತಿಯೇ ಇಲ್ಲ. ಅದನ್ನು ಇಳಿಸದೆ ಬಿಟ್ಟರೆ ಅದೇ ಯಂತ್ರದಲ್ಲಿ ಓಡುವ ಬೇರೆ ತಂತ್ರಾಂಶಗಳು ಮೆಮೊರಿಗಾಗಿ ಪರದಾಡುತ್ತವೆ. ಮೂಲದ 128 ಮೆಗಾಬೈಟಿಗೇ ಬಿಟ್ಟವರದೂ ತಪ್ಪು, ಇರುವ ಎಲ್ಲವನ್ನೂ ಕೊಟ್ಟವರದೂ ತಪ್ಪು.

ತಾಲೂಕು ಸರ್ವರ್‌ಗಳ ಕಾಲ ಮುಗಿದು ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಗ್ಗೂಡಿದ ಮೇಲೆ ಸಮಸ್ಯೆಯ ಸ್ವರೂಪವೇ ಬದಲಾಯಿತು. ಹಿಂದೆ ರಾಮದುರ್ಗದ ನೂಕುನುಗ್ಗಲು ರಾಮದುರ್ಗದಲ್ಲೇ ನಿಲ್ಲುತ್ತಿತ್ತು. ಈಗ ಎಲ್ಲ ತಾಲೂಕುಗಳ ಕಿಟಕಿ, ನಾಡ ಕಚೇರಿ, ಬ್ಯಾಂಕು, ಉಪನೋಂದಣಿ ಕಚೇರಿಯ ಕಾವೇರಿ ತಂತ್ರಾಂಶ, ರೈತರ ಗುರುತಿನ ಫ್ರೂಟ್ಸ್, ಮನೆಯಲ್ಲಿ ಕೂತು ಮೊಬೈಲಿನಲ್ಲಿ ಉತಾರ ನೋಡುವವರು, ಎಲ್ಲರ ಕೇಳಿಕೆಯೂ ಕೇಂದ್ರದ ಬಾಗಿಲಿಗೇ ಬರಬೇಕು. 4 ಕಿಲೋಬೈಟಿನ ಅದೇ ಅಂದಾಜಿನಲ್ಲಿ ಎರಡು ಕೋಟಿ ದಾಖಲೆ ಎಂದರೆ 80 ಗಿಗಾಬೈಟ್, ಇಂದಿನ ಒಂದು ದೊಡ್ಡ ಸರ್ವರ್‌ನ ಮೆಮೊರಿಗೆ ಅದು ಭಾರವಲ್ಲ. ಭಾರವಾಗುವುದು ಸಂಪರ್ಕಗಳು.

ಲೆಕ್ಕ ಹಾಕಿ ನೋಡಬಹುದು. 64 ಗಿಗಾಬೈಟ್ ಮೆಮೊರಿಯ ಒಂದು ಪೋಸ್ಟ್‌ಗ್ರೆಸ್ ಸರ್ವರ್, ಬಫರಿಗೆ 16 ಗಿಗಾಬೈಟ್, ಒಟ್ಟಿಗೆ 500 ಸಂಪರ್ಕ. ವಿಂಗಡಣೆ, ಜೋಡಣೆಯಂಥ ಕೆಲಸಕ್ಕೆ ಕೊಡುವ ವರ್ಕ್ ಮೆಮ್ ಎಂಬ ಅಳತೆಯ ಮೂಲಬೆಲೆ 4 ಮೆಗಾಬೈಟ್. ವರದಿಯೊಂದು ನಿಧಾನವೆಂದು ಯಾರೋ ಅದನ್ನು 64ಕ್ಕೆ ಏರಿಸಿದ್ದಾರೆ. ಈ 64 ಮೆಗಾಬೈಟ್ ಇರುವುದು ಸಂಪರ್ಕಕ್ಕೆ ಒಂದರಂತಲ್ಲ. ಕ್ವೆರಿಯೊಳಗಿನ ಒಂದೊಂದು ವಿಂಗಡಣೆಗೂ ಒಂದೊಂದು ಜೋಡಣೆಗೂ ಬೇರೆ ಬೇರೆ. ಪ್ರತಿ ಸಂಪರ್ಕದಲ್ಲಿ ಅಂಥವು ಎರಡೇ ಇದ್ದರೂ 64,000 ಮೆಗಾಬೈಟ್ ಆಯಿತು. ಇಡೀ ಯಂತ್ರದ ಮೆಮೊರಿ ಅಷ್ಟರಲ್ಲೇ ಮುಗಿಯಿತು, ಬಫರಿನದು ಇನ್ನೂ ಸೇರಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ 20 ಜನ ಇದ್ದಾಗ ಇದು ತಿಳಿಯುವುದಿಲ್ಲ. ಹನ್ನೊಂದಕ್ಕೆ ತಿಳಿಯುತ್ತದೆ.

ಅದೇ ಲೆಕ್ಕದಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಇನ್ನೊಂದು ಖರ್ಚಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಸಂಪರ್ಕಕ್ಕೊಂದು ಪ್ರತ್ಯೇಕ ಪ್ರಕ್ರಿಯೆ. ಹಂಚಿಕೊಂಡ 16 ಗಿಗಾಬೈಟನ್ನು ಲಿನಕ್ಸ್ 4 ಕಿಲೋಬೈಟಿನ ತುಂಡುಗಳಾಗಿ ನೋಡುತ್ತದೆ. ತುಂಡುಗಳು 42 ಲಕ್ಷದಷ್ಟಾಗುತ್ತವೆ. ಒಂದೊಂದರ ವಿಳಾಸಕ್ಕೆ 8 ಬೈಟ್, ಅಲ್ಲಿಗೆ ಎಲ್ಲವನ್ನೂ ಮುಟ್ಟಿದ ಪ್ರಕ್ರಿಯೆಯೊಂದಕ್ಕೆ ವಿಳಾಸದ ಪಟ್ಟಿಯೇ 32 ಮೆಗಾಬೈಟ್. 500 ಸಂಪರ್ಕಕ್ಕೆ 16 ಗಿಗಾಬೈಟ್. ಬಫರಿನಷ್ಟೇ ಮೆಮೊರಿ ಬಫರಿನ ವಿಳಾಸ ಬರೆದಿಡುವುದಕ್ಕೂ ಖರ್ಚಾಯಿತು! 2 ಮೆಗಾಬೈಟಿನ ದೊಡ್ಡ ತುಂಡುಗಳನ್ನು ಬಳಸುವಂತೆ ಮಾಡಿದರೆ 8,192 ವಿಳಾಸ ಸಾಕು, ಪಟ್ಟಿ 64 ಕಿಲೋಬೈಟಿಗೆ ಇಳಿಯುತ್ತದೆ. ದೊಡ್ಡ ಸರ್ವರ್‌ಗಳಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಲಾಭ ಕೊಡುವ ಬದಲಾವಣೆ ಮತ್ತೊಂದು ಸಿಕ್ಕುವುದು ಕಷ್ಟ.

ಕೆಲಸದ ಮೆಮೊರಿಯನ್ನು ಹತೋಟಿಯಲ್ಲಿಡುವ ಬಗೆಯಲ್ಲಿ ತಂತ್ರಾಂಶಗಳ ಸ್ವಭಾವ ಬೇರೆ ಬೇರೆ. ಪೋಸ್ಟ್‌ಗ್ರೆಸ್ ಒಂದೊಂದು ಕೆಲಸಕ್ಕೆ ಮಿತಿ ಹಾಕುತ್ತದೆ, ಒಟ್ಟು ಮೊತ್ತಕ್ಕೆ ಹಾಕುವುದಿಲ್ಲ. ಒರಾಕಲ್ ತನ್ನ 9ಐ ಆವೃತ್ತಿಯಲ್ಲಿ ಎಲ್ಲ ಸಂಪರ್ಕಗಳಿಗೂ ಸೇರಿ ಒಂದು ಗುರಿಯನ್ನು ಇಡುವ ಪದ್ಧತಿ ತಂದಿತು. ಅದು ಗುರಿ ಮಾತ್ರ, ದಾಟಬಹುದಿತ್ತು. ನಿಜವಾದ ಮಿತಿ ಬಂದದ್ದು 12ಸಿಯಲ್ಲಿ. ಎಸ್‌ಕ್ಯೂಎಲ್ ಸರ್ವರ್ ಕ್ವೆರಿ ಶುರುವಾಗುವ ಮೊದಲೇ ಅದಕ್ಕೆ ಎಷ್ಟು ಬೇಕೆಂದು ಅಂದಾಜು ಮಾಡಿ ಅಷ್ಟನ್ನು ಮೀಸಲಿಡುತ್ತದೆ. ಅಷ್ಟು ಮೆಮೊರಿ ಖಾಲಿ ಇಲ್ಲದಿದ್ದರೆ ಕ್ವೆರಿ ಪಾಳಿಯಲ್ಲಿ ನಿಲ್ಲಬೇಕು. ಈ ವಿಧಾನದಲ್ಲಿ ಯಂತ್ರ ಕುಸಿಯುವುದಿಲ್ಲ, ಆದರೆ ಅಂದಾಜು ಕೆಟ್ಟರೆ ಪಾಳಿ ಬೆಳೆಯುತ್ತದೆ. ಒಂದು ಕ್ವೆರಿ ಮೂಲ ಹೊಂದಾಣಿಕೆಯಲ್ಲಿ ಕೆಲಸದ ಮೆಮೊರಿಯ ಶೇ. 25ರವರೆಗೆ ಕೇಳಬಹುದು. ಹಳೆಯ ಅಂಕಿಅಂಶ ನೋಡಿ ತಪ್ಪು ಅಂದಾಜು ಮಾಡಿದ ನಾಲ್ಕು ವರದಿಗಳು ಸಾಕು, ಐದನೆಯವರು ಕಾಯಬೇಕು. ಕೋಷ್ಟಕಗಳ ಅಂಕಿಅಂಶವನ್ನು ಆಗಾಗ ಹೊಸದು ಮಾಡುವುದು ಆದ್ದರಿಂದಲೇ ಮೆಮೊರಿ ನಿರ್ವಹಣೆಯ ಭಾಗ.

ವಿಂಗಡಣೆಯೇ ಬೇಡವಾಗುವಂತೆ ಮಾಡುವುದು ಇದಕ್ಕಿಂತ ಮೇಲು. ಊರಿನ ಎಲ್ಲ ಉತಾರಗಳನ್ನು ಸರ್ವೆ ನಂಬರಿನ ಕ್ರಮದಲ್ಲಿ ಕೇಳುವ ಕ್ವೆರಿಗೆ ಊರು, ಸರ್ವೆ ನಂಬರು, ಹಿಸ್ಸಾ ಈ ಕ್ರಮದ ಇಂಡೆಕ್ಸ್ ಎಂಬ ಹುಡುಕುಪಟ್ಟಿ ಇದ್ದರೆ ಸಾಲುಗಳು ಕ್ರಮದಲ್ಲೇ ಬರುತ್ತವೆ. ಹಿಸ್ಸಾ ಸಂಖ್ಯೆಗಳಲ್ಲಿ ಅಂಕಿ, ಅಕ್ಷರ ಬೆರೆತಿರುವ ಕಾರಣ ಅವನ್ನು ಬರೀ ಅಕ್ಷರವಾಗಿ ಇಟ್ಟರೆ 10 ಎಂಬುದು 2ಕ್ಕಿಂತ ಮೊದಲು ಬಂದು ಕೂರುತ್ತದೆ. ಆಗ ತಂತ್ರಾಂಶ ಬರೆದವರು ಎಲ್ಲವನ್ನೂ ಮೆಮೊರಿಗೆ ತಂದು ಮತ್ತೊಮ್ಮೆ ಜೋಡಿಸುತ್ತಾರೆ. ಇಂಥ ಸಣ್ಣ ವಿನ್ಯಾಸದ ತಪ್ಪುಗಳು ಯಾವ ಹೊಂದಾಣಿಕೆಯಿಂದಲೂ ಸರಿಹೋಗುವುದಿಲ್ಲ. ಸರ್ವೆ ನಂಬರನ್ನು ಕ್ವೆರಿಯ ವಾಕ್ಯದೊಳಗೇ ಅಂಟಿಸಿ ಕಳಿಸುವುದೂ ಅಂಥದೇ ಅಭ್ಯಾಸ. ಪ್ರತಿ ಹೊಲಕ್ಕೂ ಹೊಸ ವಾಕ್ಯವೆಂದು ತಿಳಿದು ಎಸ್‌ಕ್ಯೂಎಲ್ ಸರ್ವರ್, ಒರಾಕಲ್‌ನಂಥವು ಒಂದೊಂದಕ್ಕೂ ಹತ್ತಾರು ಕಿಲೋಬೈಟಿನ ಯೋಜನೆ ಮಾಡಿ ಇಟ್ಟುಕೊಳ್ಳುತ್ತವೆ. ನಂಬರಿನ ಜಾಗದಲ್ಲಿ ಚಲಕವಿಟ್ಟರೆ ಒಂದೇ ಯೋಜನೆ ಎಲ್ಲ ಹೊಲಗಳಿಗೂ ಸಾಲುತ್ತದೆ, ದುರುದ್ದೇಶದ ವಾಕ್ಯಗಳನ್ನು ತೂರಿಸುವ ದಾರಿಯೂ ಮುಚ್ಚುತ್ತದೆ.

ಕನ್ನಡ ಅಕ್ಷರಕ್ಕೂ ಮೆಮೊರಿಯಲ್ಲಿ ತನ್ನದೇ ತೂಕವಿದೆ. ಜಿಸ್ಟ್ ಕಾಲದ ಇಸ್ಕಿ ಸಂಕೇತದಲ್ಲಿ ಒಂದು ಚಿಹ್ನೆಗೆ ಒಂದು ಬೈಟ್. ಯೂನಿಕೋಡಿನ ಯುಟಿಎಫ್-16 ರೂಪದಲ್ಲಿ ಎರಡು, ಯುಟಿಎಫ್-8 ರೂಪದಲ್ಲಿ ಮೂರು. ಬೈಲಹೊಂಗಲ ಎಂಬ ಹೆಸರಿನಲ್ಲಿ ಸ್ವರಚಿಹ್ನೆ, ಅನುಸ್ವಾರ ಸೇರಿ ಎಂಟು ಚಿಹ್ನೆ: ಇಸ್ಕಿಯಲ್ಲಿ 8 ಬೈಟ್, ಯುಟಿಎಫ್-16ರಲ್ಲಿ 16, ಯುಟಿಎಫ್-8ರಲ್ಲಿ 24. ಊರಿನ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆಯದೆ ಸಂಖ್ಯೆಯ ಸಂಕೇತದಿಂದ ಸೂಚಿಸಿದರೆ ಇದು ಗಣನೆಗೆ ಬಾರದು. ಸ್ವಾಧೀನದಾರರ ಹೆಸರಿಗೆ ಅಂಥ ಒಳದಾರಿ ಇಲ್ಲ, ಜಂಟಿ ಖಾತೆಗಳಲ್ಲಂತೂ ಹೆಸರುಗಳ ಸಾಲು ಉದ್ದ. ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳಲ್ಲಿ ತಾತ್ಕಾಲಿಕ ಕೋಷ್ಟಕ ಮೆಮೊರಿಯಲ್ಲಿ ನಿಗದಿತ ಅಗಲದ್ದಾಗಿರುತ್ತಿತ್ತು; 255 ಅಕ್ಷರದ ಹೆಸರಿನ ಕಂಬಕ್ಕೆ ಹೆಸರು ಎಷ್ಟೇ ಚಿಕ್ಕದಿರಲಿ, ಅಕ್ಷರಕ್ಕೆ ನಾಲ್ಕರಂತೆ 1,020 ಬೈಟ್ ಎತ್ತಿಡಲಾಗುತ್ತಿತ್ತು. 8.0ರಿಂದ ಹೆಸರಿನ ಉದ್ದಕ್ಕೆ ತಕ್ಕಷ್ಟೇ ಜಾಗ. ಇನ್ನೊಂದು ತೊಡಕು ಹುಡುಕಾಟದ್ದು. ಬೈಲಹೊಂಗಲದ ಐತ್ವ, ಒತ್ವಗಳನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಇಂಡೆಕ್ಸಿಗೆ ಬೇರೆ ಬೇರೆ. ಒಳಬರುವಾಗಲೇ ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ ಹುಡುಕುವವರು ಇಂಡೆಕ್ಸ್ ಬಿಟ್ಟು ಪೂರ್ತಿ ಕೋಷ್ಟಕವನ್ನೇ ಜಾಲಾಡಬೇಕಾಗುತ್ತದೆ, ಮೆಮೊರಿಯ ಮೇಲೆ ಆ ಜಾಲಾಟದ ಪೆಟ್ಟು ಬೀಳುತ್ತದೆ.

ಹಳೆಯ ಕಾಗದಗಳ ಚಿತ್ರಗಳದ್ದು ಇನ್ನೊಂದು ಬಗೆ. ಈ ತಾಲೂಕುಗಳ ಕಂದಾಯ ಇತಿಹಾಸ ಏಕರೂಪದ್ದಲ್ಲ. ಮುಂಬಯಿ ಪ್ರಾಂತದ ಕಾಲದಲ್ಲಿ ಬೈಲಹೊಂಗಲ, ಕಿತ್ತೂರು ಸೀಮೆ ಸಂಪಗಾವ ತಾಲೂಕಿಗೆ, ಸವದತ್ತಿ ಪರಸಗಡ ತಾಲೂಕಿಗೆ ಸೇರಿದ್ದವು. ರಾಮದುರ್ಗ 1948ರವರೆಗೆ ಪ್ರತ್ಯೇಕ ಸಂಸ್ಥಾನ. ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಬರೆದ ಹಳೆಯ ಕಾಗದಗಳು ಹಿಂದೆ ಮುಂಬಯಿ ಕರ್ನಾಟಕ ಎನ್ನುತ್ತಿದ್ದ ಭಾಗದ ಕಚೇರಿಗಳಲ್ಲಿ ಸಾಮಾನ್ಯ. ಅವನ್ನು ಅಕ್ಷರವಾಗಿ ಟೈಪಿಸುವಂತಿಲ್ಲ, ಚಿತ್ರವಾಗಿ ಸೆರೆಹಿಡಿಯಬೇಕು. ತಾಲೂಕು ಅಭಿಲೇಖಾಲಯಗಳ ಕಡತಗಳನ್ನು ಡಿಜಿಟಲ್ ಮಾಡುವ ಭೂಸುರಕ್ಷಾ ಕಾರ್ಯಕ್ರಮವನ್ನು ಕಂದಾಯ ಇಲಾಖೆ ಕೈಗೆತ್ತಿಕೊಂಡಿದೆ. ಒಂದು ಪುಟದ ಚಿತ್ರ ಅರ್ಧ ಮೆಗಾಬೈಟ್ ಎಂದು ಹಿಡಿದರೂ ಅದು 8 ಕಿಲೋಬೈಟಿನ 64 ಪುಟಗಳಷ್ಟು. ಇವನ್ನು ಡೇಟಾಬೇಸಿನ ಒಳಗೇ ತುಂಬಿದರೆ ಒಂದು ಹಳೆಯ ಕಡತ ತೆರೆದಾಗಲೆಲ್ಲ ನೂರಾರು ಉತಾರಗಳು ಬಫರಿನಿಂದ ಹೊರಬೀಳುತ್ತವೆ. ಚಿತ್ರವನ್ನು ಕಡತ ಸಂಗ್ರಹದಲ್ಲಿಟ್ಟು ಡೇಟಾಬೇಸಿನಲ್ಲಿ ಅದರ ವಿಳಾಸ, ಸರ್ವೆ ನಂಬರು, ಮುದ್ರೆಯಂಥ ಗುರುತು ಇಷ್ಟನ್ನೇ ಇಡುವುದು ಸರಿಯಾದ ಕ್ರಮ.

ಮೆಮೊರಿ ಮುಗಿದಾಗ ಏನಾಗುತ್ತದೆ ಎಂಬುದು ಆಪರೇಟಿಂಗ್ ಸಿಸ್ಟಮ್‌ನ ಕೈಯಲ್ಲಿದೆ. ಲಿನಕ್ಸ್ ಮೊದಲು ಸ್ವಾಪ್ ಎಂಬ ಡಿಸ್ಕ್ ಜಾಗಕ್ಕೆ ಮೆಮೊರಿಯ ತುಂಡುಗಳನ್ನು ಇಳಿಸುತ್ತದೆ. ಡೇಟಾಬೇಸಿನ ದೃಷ್ಟಿಯಲ್ಲಿ ಇದು ವಿಪರ್ಯಾಸ: ಡಿಸ್ಕಿಗೆ ಹೋಗುವುದನ್ನು ತಪ್ಪಿಸಲೆಂದು ಇಟ್ಟ ಬಫರೇ ಡಿಸ್ಕಿಗೆ ಹೋಗಿರುತ್ತದೆ. ಸ್ವಾಪ್‌ನ ಒಲವನ್ನು ಸೂಚಿಸುವ ಅಂಕಿ ಸಾಮಾನ್ಯವಾಗಿ 60 ಇರುತ್ತದೆ. ಡೇಟಾಬೇಸ್ ಸರ್ವರ್‌ಗಳಲ್ಲಿ ಅದನ್ನು 1ರ ಹತ್ತಿರಕ್ಕೆ ಇಳಿಸುವುದು ವಾಡಿಕೆ. ಸ್ವಾಪೂ ತುಂಬಿದರೆ ಲಿನಕ್ಸ್ ಅತಿ ಹೆಚ್ಚು ಮೆಮೊರಿ ತಿಂದ ಪ್ರಕ್ರಿಯೆಯನ್ನು ಆರಿಸಿ ಕೊಲ್ಲುತ್ತದೆ, ಡೇಟಾಬೇಸ್ ಸರ್ವರಿನಲ್ಲಿ ಅದು ಡೇಟಾಬೇಸೇ. ಪೋಸ್ಟ್‌ಗ್ರೆಸ್‌ನ ಒಂದೇ ಒಂದು ಸಂಪರ್ಕವನ್ನು ಹೀಗೆ ಕೊಂದರೂ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂಬ ಶಂಕೆಯಿಂದ ಅದು ಎಲ್ಲ ಸಂಪರ್ಕಗಳನ್ನೂ ಕಡಿದು, ಹೊಸದಾಗಿ ಎದ್ದು, ಲಾಗ್ ಓದಿ ದಾಖಲೆ ಸರಿಪಡಿಸಿಕೊಳ್ಳುತ್ತದೆ. ಇರುವುದಕ್ಕಿಂತ ಹೆಚ್ಚು ಮೆಮೊರಿಯ ಭರವಸೆ ಕೊಡದಂತೆ ಲಿನಕ್ಸನ್ನು ಹೊಂದಿಸಿದರೆ ಕೇಳಿದವನಿಗಷ್ಟೇ ಇಲ್ಲ ಎನ್ನುತ್ತದೆ, ಉಳಿದವರ ಕೆಲಸ ಸಾಗುತ್ತದೆ.

ಬಿದ್ದ ಸರ್ವರ್ ಎದ್ದ ಮೇಲಿನ ಹತ್ತಿಪ್ಪತ್ತು ನಿಮಿಷ ಬೀಳುವುದಕ್ಕಿಂತ ಕಷ್ಟದ ಹೊತ್ತು. ಬಫರು ಖಾಲಿ, ಪ್ರತಿ ಪುಟವೂ ಡಿಸ್ಕಿನಿಂದ ಬರಬೇಕು, ಹೊರಗೆ ಜನ ಕಾಯುತ್ತಿದ್ದಾರೆ. ಮೈಎಸ್‌ಕ್ಯೂಎಲ್ 5.7ರಿಂದ ಮುಚ್ಚುವಾಗ ಬಫರಿನಲ್ಲಿದ್ದ ಪುಟಗಳ ಪಟ್ಟಿಯನ್ನು ಬರೆದಿಟ್ಟು ತೆರೆದಾಗ ಅವನ್ನು ಮತ್ತೆ ತುಂಬುತ್ತದೆ. ಹಠಾತ್ತನೆ ಬಿದ್ದರೆ ಹಳೆಯ ಪಟ್ಟಿಯೇ ಗತಿ. ಪೋಸ್ಟ್‌ಗ್ರೆಸ್‌ನ ಪ್ರಿವಾರ್ಮ್ ಎಂಬ ಸಹಾಯಕ ಪ್ರತಿ 300 ಸೆಕೆಂಡಿಗೊಮ್ಮೆ ಪಟ್ಟಿ ಬರೆಯುವುದರಿಂದ ಈ ವಿಷಯದಲ್ಲಿ ವಾಸಿ.

ಜನದಟ್ಟಣೆಯನ್ನು ಮೆಮೊರಿ ಏರಿಸಿ ಎದುರಿಸುವುದಕ್ಕಿಂತ ಬಾಗಿಲಲ್ಲೇ ಪಾಳಿ ಹಚ್ಚುವುದು ಹೆಚ್ಚು ಪರಿಣಾಮಕಾರಿ. ಒಳಗಿರುವವರ ಸಂಖ್ಯೆ ಎಂದರೆ ಸೆಕೆಂಡಿಗೆ ಬರುವವರು ಗುಣಿಸು ಒಬ್ಬೊಬ್ಬರಿಗೆ ಹಿಡಿಯುವ ಸಮಯ. ಲಿಟಲ್‌ನ ನಿಯಮ ಎಂದು ಇದಕ್ಕೆ ಹೆಸರು. ಸೆಕೆಂಡಿಗೆ 300 ಕೇಳಿಕೆ ಬಂದು ಒಂದೊಂದಕ್ಕೆ ಡೇಟಾಬೇಸಿನಲ್ಲಿ 50 ಮಿಲಿಸೆಕೆಂಡ್ ಹಿಡಿದರೆ ಯಾವುದೇ ಕ್ಷಣದಲ್ಲಿ ನಿಜವಾಗಿ ಕೆಲಸದಲ್ಲಿರುವ ಸಂಪರ್ಕಗಳು ಸರಾಸರಿ 15. ಐನೂರು ತೆರೆದಿಟ್ಟಿದ್ದರೆ ಉಳಿದ 485 ಸುಮ್ಮನೆ ಮೆಮೊರಿ ತಿನ್ನುತ್ತಿರುತ್ತವೆ. ಪಿಜಿಬೌನ್ಸರ್‌ನಂಥ ತಂತ್ರಾಂಶ ಹೊರಗೆ ಸಾವಿರ ಸಂಪರ್ಕ ಹಿಡಿದುಕೊಂಡು ಒಳಗೆ ಮೂವತ್ತು, ನಲವತ್ತನ್ನು ಮಾತ್ರ ಬಿಡುತ್ತದೆ. ಆಗ ವರ್ಕ್ ಮೆಮ್ 64 ಇದ್ದರೂ 40 ಸಂಪರ್ಕಕ್ಕೆ ಎರಡರಂತೆ ಹಿಡಿದರೆ 5,120 ಮೆಗಾಬೈಟಿನಲ್ಲಿ ನಿಲ್ಲುತ್ತದೆ.

ಪಾಳಿಯ ಜೊತೆಗೆ ಕಾಲಮಿತಿಯೂ ಬೇಕು. ಪರದೆ ಸುತ್ತುತ್ತಲೇ ಇದ್ದರೆ ಮನುಷ್ಯ ಮತ್ತೊಮ್ಮೆ ಒತ್ತುತ್ತಾನೆ. ಮೊದಲ ಕೇಳಿಕೆ ಒಳಗೆ ಇನ್ನೂ ಓಡುತ್ತಿರುತ್ತದೆ, ಅದರ ಉತ್ತರ ಯಾರಿಗೂ ಬೇಡ. ಸರ್ವರ್ ನಿಧಾನವಾದಷ್ಟೂ ಒತ್ತುವಿಕೆ ಹೆಚ್ಚು, ಒತ್ತಿದಷ್ಟೂ ನಿಧಾನ. ಇಪ್ಪತ್ತು ಸೆಕೆಂಡು ದಾಟಿದ ಕ್ವೆರಿಯನ್ನು ತಾನಾಗಿ ಕಡಿಯುವ ಏರ್ಪಾಡು ಇಲ್ಲದ ಸರ್ವರಿಗೆ ಎಷ್ಟು ಮೆಮೊರಿ ಕೊಟ್ಟರೂ ಸಾಲದು.

ಕಿಟಕಿಯಲ್ಲಿ ಸರ್ವರ್ ಡೌನ್ ಎಂಬ ಉತ್ತರ ಸಿಕ್ಕಿದಾಗಲೆಲ್ಲ ಕಾರಣ ಮೆಮೊರಿಯೇ ಇರಬೇಕೆಂದಿಲ್ಲ. ಕರೆಂಟು, ಕಡಿದ ಕೇಬಲ್ಲು, ಆಧಾರ್ ಪರಿಶೀಲನೆಯ ತಡ ಎಲ್ಲಕ್ಕೂ ಒಂದೇ ಹೆಸರು. ಮೆಮೊರಿಯ ದೋಷವನ್ನು ಗುರುತಿಸಲು ನೋಡಬೇಕಾದ ಅಂಕಿಗಳು ಕೆಲವೇ. ಲಿನಕ್ಸ್ ಖಾಲಿ ಎಂದು ತೋರಿಸುವ ಮೆಮೊರಿ ಅವುಗಳಲ್ಲಿ ಸೇರಿಲ್ಲ. ಆರೋಗ್ಯವಾಗಿರುವ ಸರ್ವರಿನಲ್ಲಿ ಅದು ಸೊನ್ನೆಯ ಹತ್ತಿರವೇ ಇರುತ್ತದೆ, ಲಭ್ಯ ಎಂಬ ಅಂಕಿಯನ್ನು ನೋಡಬೇಕು. ಸ್ವಾಪ್‌ನಲ್ಲಿ ಎಷ್ಟು ಇದೆ ಎಂಬುದಕ್ಕಿಂತ ಈ ಕ್ಷಣ ಎಷ್ಟು ಹೋಗಿಬರುತ್ತಿದೆ ಎಂಬುದು ಮುಖ್ಯ. ಪೋಸ್ಟ್‌ಗ್ರೆಸ್‌ನಲ್ಲಿ ತಾತ್ಕಾಲಿಕ ಕಡತಗಳ ಮೊತ್ತ ಏರುತ್ತಿದ್ದರೆ ವಿಂಗಡಣೆಗಳು ಮೆಮೊರಿ ಸಾಲದೆ ಡಿಸ್ಕಿಗೆ ಚೆಲ್ಲುತ್ತಿವೆ ಎಂದರ್ಥ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಪುಟವೊಂದು ಬಫರಿನಲ್ಲಿ ಉಳಿಯುವ ಆಯುಷ್ಯ 300 ಸೆಕೆಂಡಿಗಿಂತ ಇಳಿದರೆ ಎಚ್ಚರ ಎಂಬ ಹಳೆಯ ಮಾತು ಇನ್ನೂ ಚಾಲ್ತಿಯಲ್ಲಿದೆ. ಅದು ನಾಲ್ಕು ಗಿಗಾಬೈಟಿನ ಕಾಲದ ಮಾತು. 256 ಗಿಗಾಬೈಟಿನ ಬಫರು ಐದು ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗುತ್ತಿದ್ದರೆ ಡಿಸ್ಕಿಗೆ ಸೆಕೆಂಡಿಗೆ ಸುಮಾರು 870 ಮೆಗಾಬೈಟಿನ ಓದು ಬೀಳುತ್ತಿದೆ ಎಂದಾಯಿತು, ಎಚ್ಚರಿಕೆಯ ಗೆರೆ ಅದಕ್ಕಿಂತ ಎಷ್ಟೋ ಮೇಲಿರಬೇಕು.

ತಾಲೂಕು ಒಡೆದಾಗಿನ ಕೆಲಸವೂ ಇದೇ ಲೆಕ್ಕಕ್ಕೆ ಬರುತ್ತದೆ. ಬೈಲಹೊಂಗಲದಿಂದ ಕಿತ್ತೂರು, ಸವದತ್ತಿಯಿಂದ ಯರಗಟ್ಟಿ ಪ್ರತ್ಯೇಕವಾದಾಗ ಸಾವಿರಾರು ದಾಖಲೆಗಳ ತಾಲೂಕು ಸಂಕೇತ ಬದಲಾಗಬೇಕು. ಒಂದೇ ಆದೇಶದಲ್ಲಿ ಎಲ್ಲವನ್ನೂ ಬದಲಿಸಿದರೆ ಬೀಗಗಳ ಪಟ್ಟಿ, ಬರೆಯದೆ ಉಳಿದ ಪುಟಗಳು, ಇಂಡೆಕ್ಸಿನ ಪುಟಗಳು ಒಟ್ಟಿಗೆ ಮೆಮೊರಿ ತುಂಬುತ್ತವೆ. ಊರೂರಿನಂತೆ, ರಾತ್ರಿ ಹೊತ್ತಿನಲ್ಲಿ, ಐದೈದು ಸಾವಿರ ಸಾಲಿನ ಕಂತಿನಲ್ಲಿ ಮಾಡಿದರೆ ಯಾರಿಗೂ ಗೊತ್ತಾಗದಂತೆ ಮುಗಿಯುತ್ತದೆ. ಕೋಷ್ಟಕವನ್ನು ಜಿಲ್ಲೆ ಅಥವಾ ತಾಲೂಕಿನ ಪ್ರಕಾರ ಮೊದಲೇ ಭಾಗ ಮಾಡಿಟ್ಟಿದ್ದರೆ ಇಂಡೆಕ್ಸುಗಳು ಚಿಕ್ಕವಾಗಿ, ದಟ್ಟಣೆಯ ತಾಲೂಕಿನ ಪುಟಗಳಷ್ಟೇ ಬಫರಿನಲ್ಲಿ ಉಳಿಯುತ್ತವೆ. ಹಳೆಯ ತಾಲೂಕು ಸರ್ವರಿನ ಒಂದು ಗುಣವನ್ನು ಕೇಂದ್ರದೊಳಗೇ ಉಳಿಸಿಕೊಳ್ಳುವ ದಾರಿ ಇದು.

ಈ ಸೀಮೆಯ ದಟ್ಟಣೆಗೆ ದಿನಾಂಕವಿದೆ. 2018ರ ಬಜೆಟ್ಟಿನಲ್ಲಿ ಘೋಷಣೆಯಾದ ಸಾಲಮನ್ನಾಕ್ಕೆ ರೈತರು ಆಧಾರ್, ರೇಷನ್ ಕಾರ್ಡ್, ಸರ್ವೆ ನಂಬರು ಕೊಡಬೇಕಾಯಿತು, ಮೂರು ಕಡೆಯ ದಾಖಲೆಗಳನ್ನು ತಾಳೆ ನೋಡುವ ದೊಡ್ಡ ಜೋಡಣೆಗಳು ನಡೆದವು. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ರಾಮದುರ್ಗ, ಸವದತ್ತಿ ತಾಲೂಕುಗಳ ದಂಡೆಯ ಊರುಗಳು ಮುಳುಗಿದಾಗ ಬೆಳೆಹಾನಿಯ ವಿವರ ಪರಿಹಾರ ತಂತ್ರಾಂಶಕ್ಕೆ ಏರಬೇಕಾಯಿತು. 2024ರಲ್ಲಿ ಉತಾರಕ್ಕೆ ಆಧಾರ್ ಜೋಡಿಸುವ ಅಭಿಯಾನ ನಡೆಯಿತು, ಅದರಲ್ಲಿ ಓದುವುದಕ್ಕಿಂತ ಬರೆಯುವ ಕೆಲಸ ಹೆಚ್ಚು. ನೆರೆಯ ದಿನವನ್ನು ಯಾರೂ ಮೊದಲೇ ಹೇಳಲಾರರು. ಬೆಳೆ ವಿಮೆಯ ಕೊನೆಯ ದಿನ, ಬಿತ್ತನೆಯ ಬೀಜ ಹಂಚಿಕೆ, ಅಭಿಯಾನದ ಗಡುವು ಇವೆಲ್ಲ ಸರ್ಕಾರವೇ ಗೊತ್ತುಮಾಡುವ ದಿನಗಳು. ಆ ದಿನದ ಗರಿಷ್ಠ ಸಂಪರ್ಕ ಗುಣಿಸು ಒಂದು ಸಂಪರ್ಕದ ಗರಿಷ್ಠ ಖರ್ಚು, ಅದಕ್ಕೆ ಬಫರು, ಅದಕ್ಕೆ ಆಪರೇಟಿಂಗ್ ಸಿಸ್ಟಮ್‌ನ ಪಾಲು ಕೂಡಿಸಿದ ಮೊತ್ತ ಯಂತ್ರದ ಮೆಮೊರಿಯನ್ನು ಮೀರುತ್ತಿದ್ದರೆ, ಗಡುವಿಗೆ ಒಂದು ತಿಂಗಳ ಮುಂಚೆಯೇ ಬಾಗಿಲಿನಿಂದ ಒಮ್ಮೆಗೆ ಒಳಬಿಡುವ ಸಂಪರ್ಕಗಳ ಸಂಖ್ಯೆ ಚಿಕ್ಕದಾಗಬೇಕು, ಇಲ್ಲವೇ ಗಡುವನ್ನು ತಾಲೂಕುವಾರು ಬೇರೆ ಬೇರೆ ದಿನಕ್ಕೆ ಹಂಚಬೇಕು. ಎರಡನೆಯದಕ್ಕೆ ಒಂದು ಸುತ್ತೋಲೆ ಸಾಕು, ಹೊಸ ಯಂತ್ರ ಬೇಡ.